ಬೇರಿಗೆ ಎರಡು ಸುತ್ತು

ಶಿರಸಿ
4 ನವೆಂಬರ್ 2024

ಮಮತಾ,

ಹುಬ್ಬಳ್ಳಿಯ ಆಸ್ಪತ್ರೆಯಿಂದ ನಿನ್ನನ್ನು ಇಡಗುಂದಿಯ ಮನೆಗೆ ಕರೆತಂದರೆಂದು ನಿನ್ನ ತಂಗಿ ಹೇಳಿದಳು. ಮನೆಯಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ, ಹಿಂದಿನ ಗುಡ್ಡ ಹತ್ತಬೇಕು, ಅಕ್ಕನಿಗೆ ಸದ್ಯ ಅದು ಆಗುವ ಮಾತಲ್ಲ, ಕಾಗದ ಬರೆಯಿರಿ ಅಂದಳು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ದಿನಗಳಲ್ಲಿ ರಜೆ ಬಂದರೆ ನಾವು ಬರೆದುಕೊಳ್ಳುತ್ತಿದ್ದೆವು. ಅದಾಗಿ ಹದಿನಾರು ವರ್ಷ. ಅಭ್ಯಾಸ ತಪ್ಪಿದೆ.

ಆಸ್ಪತ್ರೆಗೆ ಎರಡು ಸಲ ಬಂದಿದ್ದೆ. ಎರಡು ಸಲವೂ ನಿನಗೆ ನಿದ್ದೆ.

ನಾನು ಕಾಲೇಜಿಗೆ ಹೋಗುತ್ತಿದ್ದೇನೆ. ಅಂಗೈಯಲ್ಲಿ ಹಗ್ಗ ಉಜ್ಜಿದ ಜಾಗ ಇನ್ನೂ ಕೆಂಪಗಿದೆ, ಸೀಮೆಸುಣ್ಣದ ಪುಡಿ ತಾಗಿದರೆ ಉರಿಯುತ್ತದೆ. ಪಾಠ ಮಾಡುವಾಗ ಪರವಾಗಿಲ್ಲ. ಮನೆಯಲ್ಲಿ ತಾರಸಿಯ ಟ್ಯಾಂಕಿಗೆ ನೀರು ಏರುವ ಸದ್ದು ಕೇಳಿದರೆ ಮಾತ್ರ ಇದ್ದಲ್ಲಿ ಇರಲಾಗುವುದಿಲ್ಲ. ಮೊನ್ನೆ ಪಂಪು ಹಾಕಿದಾಗ ನಾನು ನನಗೇ ಗೊತ್ತಿಲ್ಲದೆ ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಸಮೃದ್ಧಿ ಬಂದು ಕೈ ಹಿಡಿದು ಇಳಿಸಿದಳು. ಕಣಿವೆಗೆ ನಮ್ಮ ಜೊತೆ ಬಂದಿದ್ದಳಲ್ಲ, ನನ್ನಣ್ಣನ ಮಗಳು, ಅವಳು ಈಗ ನನ್ನ ಮನೆಯಲ್ಲೇ ಇದ್ದು ಓದುತ್ತಿದ್ದಾಳೆ. ಅವಳಿಗೆ ಏನೂ ಆಗಿಲ್ಲ. ಹೆಚ್ಚು ಮಾತಾಡುವುದಿಲ್ಲ, ಅಷ್ಟೆ.

ಉಕ್ಕಿದ ಹಳ್ಳದಲ್ಲಿ ಹಗ್ಗ ಕಡಿದುಹೋಗಿ ಗೈಡ್ ಮಮತಾ ಕೊಚ್ಚಿಹೋದರು ಎಂದು ಪೇಪರಿನಲ್ಲಿ ಬಂದಿತ್ತು. ವಿಚಾರಣೆಯವರು ಬಂದು ನನ್ನ ಹೇಳಿಕೆ ಬರೆದುಕೊಂಡರು. ಹೇಳಬೇಕಾದದ್ದನ್ನು ಹೇಳಿದ್ದೇನೆ. ನೀನು ಅದರ ಯೋಚನೆ ಮಾಡಬೇಡ. ಕಾಲು ನೋಡಿಕೋ.

ನಿನಗೆ ಆ ದಿನದ್ದು ಏನಾದರೂ ನೆನಪಿದೆಯೇ ಎಂದು ನಿನ್ನ ತಂಗಿಯನ್ನು ಕೇಳಿದೆ. ಗೊತ್ತಿಲ್ಲ ಅಂದಳು. ನೆನಪಾದರೆ ಮೊದಲು ನನಗೆ ಬರೆ.

ನಿನ್ನ
ತುಷಾರ


ಇಡಗುಂದಿ
19 ನವೆಂಬರ್ 2024

ತುಷಾರ,

ಸೊಂಟದಲ್ಲಿ ಎರಡು ರಾಡು, ಮಂಡಿಯಲ್ಲಿ ನಾಲ್ಕು ಸ್ಕ್ರೂ. ಬೇಸಿಗೆಯ ಹೊತ್ತಿಗೆ ಕೋಲು ಹಿಡಿದು ನಡೆಯಬಹುದಂತೆ. ಕಣಿವೆಗೆ ಯಾವಾಗ ಇಳಿಯಬಹುದು ಅಂತ ಕೇಳಿದೆ. ಡಾಕ್ಟರು ನಕ್ಕರು. ಹನ್ನೊಂದು ವರ್ಷ ಜನರನ್ನು ನೀರಿಗೆ ಇಳಿಸಿ ವಾಪಸು ಹತ್ತಿಸಿದವಳಿಗೆ ಈಗ ಬಚ್ಚಲಿಗೆ ಹೋಗಲು ತಂಗಿಯ ಭುಜ ಬೇಕು.

ನೆನಪಿನ ವಿಷಯ ಕೇಳಿದ್ದೀಯ. ಸಮೃದ್ಧಿಯನ್ನು ಮೇಲೆ ಹತ್ತಿಸಿದ್ದು ನೆನಪಿದೆ. ಆಮೇಲೆ ಹಗ್ಗವನ್ನು ನನ್ನ ಸೊಂಟಕ್ಕೆ ಹಾಕಿಕೊಂಡದ್ದು ನೆನಪಿದೆ. ಅಲ್ಲಿಂದ ರಾಫ್ಟಿನಲ್ಲಿ ಕಣ್ಣು ಬಿಡುವ ತನಕ ಏನೂ ಇಲ್ಲ. ನಾನು ಹೆದರುವವಳಲ್ಲ, ನಿನಗೆ ಗೊತ್ತು. ಈಗ ಹೆದರುತ್ತೇನೆ.

ಉಲ್ಲಾಸನನ್ನು ಕ್ಯಾಂಪಿನ ಕೆಲಸದಿಂದ ತೆಗೆದಿದ್ದಾರೆ. ಹಗ್ಗಗಳ ಜವಾಬ್ದಾರಿ ಅವನದಾಗಿತ್ತಲ್ಲ. ಮಾಲೀಕರು ಮಡಿವಾಳಪ್ಪ ನನ್ನನ್ನು ನೋಡಲು ಬಂದಿದ್ದರು. "ಹಳೇ ಹಗ್ಗ ಹಾಕ್ಯಾನ್ರೀ ಅಂವ. ಕಡೀತು ಅಂತ ನಿಮ್ಮ ಗೆಳತಿನ ಹೇಳ್ಯಾರ. ನಾ ಏನ್ ಮಾಡ್ಲಿ ಹೇಳ್ರಿ," ಅಂದರು. ಉಲ್ಲಾಸ ಎಂಟು ವರ್ಷದಿಂದ ನನ್ನ ಜೊತೆ ಕೆಲಸ ಮಾಡಿದವನು. ಹಿಂದಿನ ಸಂಜೆ ಅವನು ಆ ಹಗ್ಗವನ್ನು ಮೊಳ ಮೊಳ ಬೆರಳಲ್ಲಿ ಸವರಿ ನೋಡುವುದನ್ನು ನಾನೇ ಕಂಡಿದ್ದೇನೆ.

ನಾನು ಸಿಕ್ಕಾಗ ನನ್ನ ಸೊಂಟದಲ್ಲಿ ಎರಡು ಮೊಳ ಹಗ್ಗ ಮಾತ್ರ ಉಳಿದಿತ್ತಂತೆ, ಆಸ್ಪತ್ರೆಯಲ್ಲಿ ಅದನ್ನು ಬಿಚ್ಚಿ ಎಸೆದರಂತೆ. ಮೇಲೆ ಹಗ್ಗ ಹಿಡಿದಿದ್ದವಳು ನೀನು. ಕಡಿದದ್ದಾದರೆ ಇನ್ನೊಂದು ತುಂಡು ನಿನ್ನ ಕೈಯಲ್ಲಿ ಉಳಿಯಬೇಕಲ್ಲ. ಅದು ಎಲ್ಲಿ?

ಹೇಗಾಯಿತು ಅಂತ ಬರೆ. ಎಲ್ಲ ಬರೆ. ನನ್ನ ಹತ್ತಿರ ಇಲ್ಲದ್ದು ನಿನ್ನ ಹತ್ತಿರ ಇದೆ.

ಮಮತಾ


ಶಿರಸಿ
8 ಡಿಸೆಂಬರ್ 2024

ಪ್ರಿಯ ಮಮತಾ,

ಪರೀಕ್ಷೆಯ ಕೆಲಸವಿತ್ತು, ತಡವಾಯಿತು. ಎಲ್ಲ ಬರೆ ಅಂದಿದ್ದೀಯ, ಬರೆಯುತ್ತೇನೆ.

ದಸರಾ ರಜೆಗೆ ಬಾ, ನಾಲ್ಕು ದಿನ ಬೆನ್ನಿಗೆ ಚೀಲ ಹಾಕಿ ನಡೆಯೋಣ, ಮೂರು ದಿನ ಕಣಿವೆ, ಕೊನೆಯ ದಿನ ರಾಫ್ಟಿಂಗು, ನನ್ನ ಕೆಲಸ ಎಂಥದ್ದೆಂದು ಒಮ್ಮೆ ನೋಡು ಎಂದು ನೀನು ಕರೆದಿದ್ದೆ. ನೀನು, ಉಲ್ಲಾಸ, ನಾನು, ಸಮೃದ್ಧಿ, ಧಾರವಾಡದ ಗಂಡ ಹೆಂಡತಿ, ಒಟ್ಟು ಆರು ಜನ. ಮೊದಲೆರಡು ದಿನ ನಿನಗೂ ನೆನಪಿದೆ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಹಳ್ಳ ತೀರಾ ಇಕ್ಕಟ್ಟಾಗುವ ಜಾಗಕ್ಕೆ ಬಂದೆವು. ಎರಡು ಕೈ ಚಾಚಿದರೆ ಎರಡೂ ಕಡೆಯ ಬಂಡೆ ಸಿಗುತ್ತಿತ್ತು. ತಲೆ ಎತ್ತಿದರೆ ಒಂದು ಪಟ್ಟಿಯಷ್ಟು ಆಕಾಶ, ನೀಲಿಯಾಗಿಯೇ ಇತ್ತು. ಮಂಡಿಯುದ್ದ ನೀರು. ಮುಂದೆ ಹೋಗುತ್ತಿದ್ದ ನೀನು ನಿಂತೆ. ನೀರಿಗೆ ಕೈ ಇಳಿಸಿದೆ. ಹಸಿ ಎಲೆ, ಸಣ್ಣ ಕಡ್ಡಿ ತೇಲಿ ಬರುತ್ತಿದ್ದವು. "ಮೇಲೆ ಎಲ್ಲೋ ಜೋರು ಮಳೆ ಹೊಯ್ದಿದೆ. ಉಲ್ಲಾಸ, ಬಲಗಡೆ ಬಂಡೆ ಚಾಚಿದೆಯಲ್ಲ, ಅಲ್ಲಿಗೆ ಎಲ್ಲರನ್ನೂ ಹತ್ತಿಸು. ಈಗಲೇ," ಅಂದೆ. ನೀನು ದನಿ ಏರಿಸಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದೇ ನೀನು ದನಿ ಏರಿಸದೆ ಹೇಳಿದ್ದರಿಂದ.

ಮೊದಲು ಬಂದದ್ದು ಸದ್ದಲ್ಲ, ಗಾಳಿ. ಕಣಿವೆಯ ಒಳಗಿನಿಂದ ಮಣ್ಣಿನ ವಾಸನೆಯ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಆಮೇಲೆ ಬಂಡೆ ಹಿಡಿದ ಬೆರಳಿಗೆ ನಡುಕ ತಿಳಿಯಿತು. ಉಲ್ಲಾಸ ಮೊದಲು ಹತ್ತಿ ಹಗ್ಗ ಇಳಿಬಿಟ್ಟ. ಧಾರವಾಡದವರು ಹತ್ತಿದರು, ನಾನು ಹತ್ತಿದೆ. ಕೆಳಗೆ ನೀನು ಒಬ್ಬೊಬ್ಬರ ಸೊಂಟಕ್ಕೂ ಹಗ್ಗ ಸಿಕ್ಕಿಸಿ ಕಳಿಸುತ್ತಿದ್ದೆ. ಸಮೃದ್ಧಿಯ ಸರದಿ ಬರುವಾಗ ನೀರು ನಿನ್ನ ಎದೆಯವರೆಗೆ ಬಂದಿತ್ತು, ಕೆಂಪಗಾಗಿತ್ತು.

ಆ ಚಾಚೂ ಮುಳುಗಬಹುದು, ಅವರನ್ನು ಇನ್ನೂ ಮೇಲಕ್ಕೆ ಹತ್ತಿಸುತ್ತೇನೆ ಎಂದು ಉಲ್ಲಾಸ ಮೂವರನ್ನೂ ಕರೆದುಕೊಂಡು ಹೊರಟ. ಹೋಗುವ ಮೊದಲು ಬಂಡೆಯ ಬಿರುಕಿನಿಂದ ಹೊರಬಂದಿದ್ದ ಒಂದು ಮರದ ಬೇರಿಗೆ ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ನನ್ನ ಕೈಗೆ ಕೊಟ್ಟ. "ಅಕ್ಕ ಹತ್ತಿದ ಹಾಗೆ ಸಡಿಲ ಎಳ್ಕೊಳ್ತಾ ಇರಿ ಮೇಡಂ. ಭಾರ ಬೇರು ಹೊರ್ತದೆ. ಎರಡು ನಿಮಿಷದಲ್ಲಿ ಬಂದೆ," ಅಂದ.

ನೀನು ಹತ್ತಲು ಶುರುಮಾಡಿದೆ. ಒಂದು ದೊಡ್ಡ ಮರದ ಕಾಂಡ ತೇಲಿ ಬಂದು ನಿನಗೆ ಬಡಿಯಿತು. ಹಗ್ಗ ಜಗ್ಗಿ ಕಡಿಯಿತು. ನನ್ನ ಕೈಯಲ್ಲಿದ್ದ ತುಂಡು ಆ ಗಲಿಬಿಲಿಯಲ್ಲಿ ಕೆಳಗೆ ಬಿದ್ದಿರಬೇಕು. ಇದಕ್ಕಿಂತ ಹೆಚ್ಚಿಗೆ ನನಗೂ ಗೊತ್ತಿಲ್ಲ.

ಉಲ್ಲಾಸನ ವಿಷಯ ಓದಿ ಬೇಸರವಾಯಿತು. ಇನ್ನೂ ವಯಸ್ಸಿದೆ, ಬೇರೆ ಕೆಲಸ ಸಿಗಬಹುದು.

ನಿನ್ನ ಒಳಿತನ್ನೇ ಬಯಸುವ
ತುಷಾರ


ಇಡಗುಂದಿ
29 ಡಿಸೆಂಬರ್ 2024

ತುಷಾರ,

ಮೂರು ಪುಟ ಬರೆದಿದ್ದೀಯ. ನೀರಿನ ಬಣ್ಣ ಇದೆ, ಗಾಳಿಯ ವಾಸನೆ ಇದೆ. ಹಗ್ಗದ ಹತ್ತಿರ ಬಂದಾಗ ಒಂದೇ ಒಂದು ಸಾಲು.

ಉಲ್ಲಾಸನ ತಾಯಿ ದುರ್ಗಮ್ಮ ಮೊನ್ನೆ ಹೆಗ್ಗರಣೆಯಿಂದ ಬಂದಿದ್ದರು. ಸಿದ್ದಾಪುರ, ಶಿರಸಿ, ಯಲ್ಲಾಪುರ ಅಂತ ಬಸ್ಸು ಬದಲಿಸಿ ಬದಲಿಸಿ, ಬೆಳಿಗ್ಗೆ ಬಿಟ್ಟವರು ಮಧ್ಯಾಹ್ನದ ಮೇಲೆ ಮುಟ್ಟಿದರು. ಚಹಾ ಬೇಡ ಅಂದರು. ನನ್ನ ಮಂಚದ ಹತ್ತಿರ ನೆಲದ ಮೇಲೆ ಕೂತು, "ಅಂವ ಸರಿ ಉಣ್ಣೂದಿಲ್ಲ. ಬೆಳಿಗ್ಗೆ ಎದ್ರೆ ದನ ಕಟ್ಟೋ ಕಣ್ಣಿ ಹಿಡ್ಕಂಡು ಬೆರಳಲ್ಲಿ ಸವರ್ತಾ ಕೂತಿರ್ತಾನೆ. ನಾನೇ ಸರಿ ನೋಡಿಲ್ವೇನೋ ಅಮ್ಮ ಅಂತಾನೆ. ಹೌದಾ ತಂಗಿ, ತಪ್ಪು ಅವಂದೇನಾ?" ಅಂತ ಕೇಳಿದರು.

ನಾನು ಗೋಡೆಯ ಕಡೆ ತಿರುಗಿದೆ.

ಮೊದಲು ಅವನಿಗೆ ಸಿಟ್ಟಿತ್ತು. ಈಗ ತಪ್ಪು ತನ್ನದೇ ಅಂತ ನಂಬತೊಡಗಿದ್ದಾನೆ. ನನಗೆ ಹೆದರಿಕೆಯಾಗುತ್ತಿರುವುದು ಅದಕ್ಕೆ. ಫೆಬ್ರವರಿ ಕೊನೆಗೆ ವಿಚಾರಣೆ ಮುಗಿಯುತ್ತದೆ. ಅದರಲ್ಲೂ ಅವನ ತಪ್ಪು ಅಂತಾದರೆ ಯಾವ ನದಿಯಲ್ಲೂ ಅವನಿಗೆ ಕೆಲಸ ಇಲ್ಲ.

ನಾನು ಇನ್ನೊಮ್ಮೆ ಕೇಳುವುದಿಲ್ಲ.

ಮಮತಾ


ಶಿರಸಿ
26 ಜನವರಿ 2025

ಮಮತಾ,

ಈ ಕಾಗದವನ್ನು ಐದನೆಯ ಸಲ ಬರೆಯುತ್ತಿದ್ದೇನೆ. ಮೊದಲ ನಾಲ್ಕನ್ನು ಬಚ್ಚಲ ಒಲೆಗೆ ಹಾಕಿದೆ.

ನಿನ್ನೆ ತಿಂಡಿ ತಿನ್ನುವಾಗ ಸಮೃದ್ಧಿ ತಟ್ಟೆಯಿಂದ ತಲೆ ಎತ್ತದೆ, "ಅತ್ತೆ, ಹಗ್ಗ ಕಡಿದ ಶಬ್ದ ಆನು ಕೇಳಿದ್ನಿಲ್ಲೆ," ಅಂದಳು.

"ಅಷ್ಟು ನೀರಿನ ಸದ್ದಲ್ಲಿ ಎಂತ ಕೇಳ್ತು," ಅಂದೆ.

"ನೀನು ಕೂಗಿದ್ದು ಕೇಳಿತ್ತು. ಎನ್ನ ಕೈಲಿ ಆಗ್ತಿಲ್ಲೆ ಹೇಳಿ ಕೂಗಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೂರು ತಿಂಗಳು ಅದನ್ನು ಒಳಗಿಟ್ಟುಕೊಂಡು ನನ್ನ ಎದುರು ಉಂಡಿದ್ದಾಳೆ, ಓದಿದ್ದಾಳೆ, ಕುರ್ಚಿಯಿಂದ ನನ್ನನ್ನು ಇಳಿಸಿದ್ದಾಳೆ. ನಾನು ತಟ್ಟೆ ತೊಳೆಯಲು ಎದ್ದೆ. ನಲ್ಲಿ ತಿರುಗಿಸಲು ಆಗಲಿಲ್ಲ.

ಹಗ್ಗ ಕಡಿಯಲಿಲ್ಲ ಮಮತಾ. ನಾನು ಬಿಟ್ಟೆ.

ಕಾಂಡ ನಿನಗೆ ಬಡಿದಾಗ ಬಿರುಕಿನಿಂದ ಬೇರು ಕಿತ್ತುಬಂತು. ಅಲ್ಲಿಯವರೆಗೆ ಭಾರ ನನಗೆ ತಿಳಿದೇ ಇರಲಿಲ್ಲ. ಬೇರು ಹೋದ ಕೂಡಲೇ ಇಡೀ ಹಳ್ಳ ನನ್ನ ಕೈಗೆ ಬಂತು. ಬಿದ್ದೆ. ಹೊಟ್ಟೆಯ ಮೇಲೆ ಅಂಚಿನವರೆಗೆ ಜಾರಿದೆ. ಅಂಗೈ ಸುಲಿಯುವುದು ಗೊತ್ತಾಗುತ್ತಿತ್ತು, ನೋಯುತ್ತಿರಲಿಲ್ಲ. ಎನ್ನ ಕೈಲಿ ಆಗ್ತಿಲ್ಲೆ ಎಂದು ಕೂಗಿದ್ದು ಆಗಲೇ ಇರಬೇಕು. ತಲೆ, ಭುಜ ಅಂಚಿನಾಚೆ ಹೋದವು. ಕೆಳಗೆ ನೀನು ಕಂಡೆ. ನಿನ್ನ ಮುಖ ನೀರಿನ ಮೇಲಿತ್ತು. ನನ್ನನ್ನೇ ನೋಡುತ್ತಿದ್ದೆ. ಏನೋ ಹೇಳಿದೆ. ಬಿಡು ಅಂದೆಯೋ ಬಿಡಬೇಡ ಅಂದೆಯೋ ಕೇಳಿಸಲಿಲ್ಲ. ಬಿಡು ಅಂದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಗೊತ್ತಿಲ್ಲ. ನಾನು ಬೆರಳು ಬಿಚ್ಚಿದೆ. ಹಗ್ಗ ಜಾರಿಹೋದದ್ದಲ್ಲ, ನಾನು ಬಿಚ್ಚಿದ್ದು.

ಉಲ್ಲಾಸ ಓಡಿ ಇಳಿದು ಬಂದ. "ಎಂತ ಆಯ್ತು ಮೇಡಂ?" ಅಂದ. "ಹಗ್ಗ ಕಡಿಯಿತು" ಅಂದೆ. ಯೋಚಿಸಿ ಆಡಿದ ಮಾತಲ್ಲ. ಆದರೆ ಒಮ್ಮೆ ಆಡಿದ ಮೇಲೆ ಧಾರವಾಡದವರಿಗೆ, ಪೊಲೀಸರಿಗೆ, ಪೇಪರಿನವರಿಗೆ ಅದನ್ನೇ ಹೇಳುತ್ತಾ ಹೋದೆ. ಕೊನೆಗೆ ನಿನಗೂ ಬರೆದೆ.

ಇನ್ನೂ ಒಂದಿದೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಉಪಯೋಗವಿಲ್ಲ.

ಮಧ್ಯಾಹ್ನ ನೀರು ತುಸು ಇಳಿದ ಮೇಲೆ ಗುಡ್ಡ ಸುತ್ತಿ ಹಳ್ಳ ಬೇಡ್ತಿ ಹೊಳೆಗೆ ಸೇರುವಲ್ಲಿಗೆ ಬಂದೆವು. ಮಾರನೆಯ ದಿನಕ್ಕೆಂದು ತಂದಿಟ್ಟ ರಾಫ್ಟು ಅಲ್ಲಿತ್ತು. ಧಾರವಾಡದವರು ಸಮೃದ್ಧಿಯ ಜೊತೆ ದಂಡೆಯಲ್ಲಿ ಉಳಿದರು. ಹುಟ್ಟು ಹಾಕಲು ಇನ್ನೊಬ್ಬರು ಬೇಕಿತ್ತು. ಉಲ್ಲಾಸ ತನ್ನ ಅಂಗಿ ಹರಿದು ನನ್ನ ಕೈಗೆ ಕಟ್ಟಿದ. "ಹೆದರಬೇಡಿ, ನಾ ಹೇಳಿದಾಗ ಹಾಕಿ, ಹೇಳಿದಾಗ ನಿಲ್ಸಿ," ಅಂದ. ಉಕ್ಕಿದ ಹೊಳೆಯಲ್ಲಿ ಇಬ್ಬರೇ ಹೊರಟೆವು. ಮೊದಲ ಇಳಿಜಾರಿನಲ್ಲಿ ರಾಫ್ಟಿನ ಮೂತಿ ಆಕಾಶಕ್ಕೆ ಎದ್ದಿತು, ಎರಡನೆಯದರಲ್ಲಿ ನಾನು ಅರ್ಧ ಹೊರಗೆ ಬಿದ್ದೆ, ಅವನು ಜಾಕೆಟ್ಟು ಹಿಡಿದು ಒಳಗೆಳೆದ. ಬಾಯಲ್ಲಿ ಮೂಗಲ್ಲಿ ನೀರು. ಪ್ರತಿ ಬಂಡೆಯ ಹಿಂದೆಯೂ ಅವನು ಅಕ್ಕಾ ಎಂದು ಕೂಗುತ್ತಿದ್ದ. ನಾನೂ ಹುಡುಕುತ್ತಿದ್ದೆ. ಆಗ ಒಂದು ಸಲ, ಒಂದೇ ಸಲ, ನೀನು ಸಿಗದೇ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತು.

ದಂಡೆಯ ಅಟ್ಟೆ ಮರದ ಬೇರುಗಳ ನಡುವೆ, ಮರಳಿನ ಮೇಲೆ ನೀನು ಸಿಕ್ಕಿದೆ. ರಾಫ್ಟಿಗೆ ಎತ್ತಿ ಹಾಕಿಕೊಂಡೆವು. ನೀನು ಕಣ್ಣು ಬಿಟ್ಟಾಗ ಉಲ್ಲಾಸ ಅತ್ತುಬಿಟ್ಟ. ನನಗೆ ಮೊದಲು ಆದದ್ದು ಸಂತೋಷವಲ್ಲ, ಹೆದರಿಕೆ. ಆಸ್ಪತ್ರೆಯಲ್ಲಿ ನಿನಗೆ ನಿದ್ದೆ ಎಂದು ಬರೆದಿದ್ದೆನಲ್ಲ, ಎರಡನೆಯ ಸಲ ನೀನು ಎಚ್ಚರವಿದ್ದೆ. ಬಾಗಿಲಿನಿಂದ ನೋಡಿ ತಿರುಗಿ ಹೋದೆ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು.

ತುಷಾರ


ಇಡಗುಂದಿ
18 ಫೆಬ್ರವರಿ 2025

ತುಷಾರ,

ನವೆಂಬರ್ ಹತ್ತಕ್ಕೆ ಜೇನು ಕೀಳುವ ಬೀರ ಒಂದು ಹಗ್ಗ ತಂದುಕೊಟ್ಟಿದ್ದ. ಹಳ್ಳದ ಬಾಯಲ್ಲಿ ಬಂಡೆಗೆ ಸಿಕ್ಕಿಕೊಂಡಿತ್ತಂತೆ. ನಮ್ಮದೇ ಹಗ್ಗ. ಒಂದು ತುದಿ ಚಾಕುವಿನಲ್ಲಿ ಕೊಯ್ದದ್ದು. ನನ್ನ ಚಾಕುವಿನ ಒರೆ ಖಾಲಿಯಾಗಿತ್ತು, ಹಾಗಾಗಿ ನೀರೊಳಗೆ ಹಗ್ಗ ನನ್ನನ್ನು ಹಿಡಿದಿಟ್ಟಾಗ ನಾನೇ ಕೊಯ್ದುಕೊಂಡಿರಬೇಕು. ಸೊಂಟದಲ್ಲಿ ಉಳಿದ ಎರಡು ಮೊಳ ಅದೇ. ಇನ್ನೊಂದು ತುದಿ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಉಲ್ಲಾಸ ಸುತ್ತಿದ ಕೆಂಪು ಟೇಪು ಕೂಡ ಬಿಚ್ಚಿರಲಿಲ್ಲ.

ಅಂದರೆ ತುಂಡು ಎಲ್ಲಿ ಅಂತ ಕೇಳುವ ಮೊದಲೇ ನನಗೆ ಗೊತ್ತಿತ್ತು. ಹಗ್ಗ ನನ್ನ ಮಂಚದ ಅಡಿಯಲ್ಲಿತ್ತು. ನೀನಾಗಿ ಹೇಳಲಿ ಅಂತ ಕಾದೆ. ನಾನು ಕಾದ ಮೂರು ತಿಂಗಳೂ ಉಲ್ಲಾಸ ಕಣ್ಣಿ ಸವರುತ್ತಾ ಕೂತಿದ್ದ. ದುರ್ಗಮ್ಮ ಕೇಳಿದಾಗ ಅವರು ಕೂತ ಜಾಗದಿಂದ ಕೈ ಚಾಚಿದರೆ ಹಗ್ಗ ಸಿಗುತ್ತಿತ್ತು. ಆಗಲೂ ನಾನು ಹೇಳಲಿಲ್ಲ. ಈ ತಪ್ಪು ನಿನ್ನದಲ್ಲ, ನನ್ನದು.

ಬಿಟ್ಟದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಬೇರು ಕಿತ್ತ ಮೇಲೆ ಯಾರೂ ಹಿಡಿಯಲಾರರು. ನಿನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರೆ ಬಿಡು ಅಂತಲೇ ನಾನು ಹೊಸ ಗೈಡುಗಳಿಗೆ ಹೇಳಿಕೊಡುವುದು. ಆ ಹೊತ್ತಿಗೆ ಬಿಡು ಅಂದಿದ್ದೆನೋ ಇಲ್ಲವೋ ಗೊತ್ತಿಲ್ಲ. ಅಂದಿದ್ದೆ ಅಂತ ನಿನಗೆ ಬರೆದುಕೊಡಲಾರೆ.

ರಾಫ್ಟಿನ ಸಾಲು ಓದಿ ಕಾಗದ ಮಡಚಿಟ್ಟೆ. ಹತ್ತು ದಿನ ತೆಗೆಯಲಿಲ್ಲ. ಅದರ ಬಗ್ಗೆ ಏನು ಬರೆಯಬೇಕೋ ತಿಳಿಯುವುದಿಲ್ಲ.

ವಿಚಾರಣೆ 28ಕ್ಕೆ ಯಲ್ಲಾಪುರದಲ್ಲಿ. ಹಗ್ಗವನ್ನು ತಂಗಿ ತರುತ್ತಾಳೆ. ನಿನ್ನ ಕಾಗದವನ್ನು ನಾನು ಯಾರಿಗೂ ತೋರಿಸುವುದಿಲ್ಲ, ನೀನೇ ಬಂದು ಬಾಯಿಂದ ಹೇಳಬೇಕು. ಅದಕ್ಕೂ ಮೊದಲು ಹೆಗ್ಗರಣೆಗೆ ಹೋಗು. ಹಗ್ಗ ನನ್ನ ಹತ್ತಿರ ಇತ್ತು ಅನ್ನುವುದನ್ನೂ ಹೇಳು.

ಮಮತಾ


ಶಿರಸಿ
9 ಮಾರ್ಚ್ 2025

ಮಮತಾ,

26ಕ್ಕೆ ಹೆಗ್ಗರಣೆಗೆ ಹೋದೆ. ಸಿದ್ದಾಪುರದಲ್ಲಿ ಬಸ್ಸು ಬದಲಿಸುವಾಗ ವಾಪಸು ಶಿರಸಿಯ ಬಸ್ಸು ಎದುರಿಗೇ ನಿಂತಿತ್ತು. ಒಂದು ಕಾಲು ಅದರ ಮೆಟ್ಟಿಲ ಮೇಲೂ ಇಟ್ಟೆ. ಜೊತೆಗೆ ಬಂದಿದ್ದ ಸಮೃದ್ಧಿ ಚೀಲ ಹಿಡಿದು ಕೆಳಗೇ ನಿಂತಿದ್ದಳು. ಇಳಿದು ಬಂದೆ.

ಉಲ್ಲಾಸ ಬೇಲಿಗೆ ಗೂಟ ಹುಗಿಯುತ್ತಿದ್ದ. ನಾನು ನಿಂತಲ್ಲೇ ಹೇಳಿದೆ. ಕೂತರೆ ಹೇಳಲಾರೆ ಅನ್ನಿಸಿತು. ಎಲ್ಲ ಹೇಳಿದೆ, ನಿನ್ನ ಮಂಚದ ಅಡಿಯ ಹಗ್ಗವನ್ನೂ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ, "ಅಂದ್ರೆ ಹಗ್ಗ ಸರಿ ಇತ್ತಾ?"

"ಸರಿ ಇತ್ತು."

"ಎಲ್ಲೂ ಕಡ್ದಿಲ್ಲ?"

"ಇಲ್ಲ."

ಹಾರೆ ಕೆಳಗಿಟ್ಟು ಒಳಗೆ ಹೋದ. "ಅಮ್ಮ, ಹಗ್ಗ ಸರಿ ಇತ್ತಂತೆ," ಎಂದು ಹೇಳುವುದು ಕೇಳಿಸಿತು. ದುರ್ಗಮ್ಮ ಹೊರಗೆ ಬಂದರು. ಸಮೃದ್ಧಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ನನಗೆ, "ನೀವು ಇನ್ನು ಹೊರಡಿ. ಅಂವ ಈಗ ನಿಮ್ಮನ್ನ ನೋಡೂದು ಬ್ಯಾಡ," ಅಂದರು.

ಯಲ್ಲಾಪುರದಲ್ಲಿ ನಡೆದದ್ದು ನಿನ್ನ ತಂಗಿ ಹೇಳಿರುತ್ತಾಳೆ. ಬೇರೆ ಹೇಳಿಕೆ ಬರೆಸಿ ಸಹಿ ಮಾಡಿದೆ. ಮೊದಲು ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಏನು ಕ್ರಮವೋ ಇನ್ನೂ ತಿಳಿಸಿಲ್ಲ. ಕಾಲೇಜಿನಿಂದಲೂ ನೋಟಿಸು ಬಂದಿದೆ. ಮೊನ್ನೆ ಪಾಠದ ನಡುವೆ ಒಬ್ಬಳು ಹುಡುಗಿ ನನ್ನ ಅಂಗೈಯನ್ನೇ ನೋಡುತ್ತಿದ್ದಳು. ಕೈ ಮುಚ್ಚಿಕೊಳ್ಳಲಿಲ್ಲ.

ಟ್ಯಾಂಕಿನ ಸದ್ದಿಗೆ ಈಗಲೂ ಕುರ್ಚಿ ಹತ್ತುತ್ತೇನೆ. ಅದು ಹೋಗಿಬಿಡುತ್ತದೆ ಅಂದುಕೊಂಡಿದ್ದೆ.

ನೀನು ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ತುಷಾರ


ಇಡಗುಂದಿ ಕ್ಯಾಂಪ್
14 ಅಕ್ಟೋಬರ್ 2025

ತುಷಾರ ಮೇಡಂ ಅವರಿಗೆ,

ಫೆಬ್ರವರಿಯಲ್ಲಿ ನೀವು ಮನೆಗೆ ಬಂದಾಗ ನಾನು ಹೆಚ್ಚು ಮಾತಾಡಲಿಲ್ಲ. ನನಗೆ ಬರೆದು ರೂಢಿ ಇಲ್ಲ, ತಪ್ಪಿದ್ದರೆ ತಿಳಿದುಕೊಳ್ಳಿ. ಮಡಿವಾಳಪ್ಪನವರು ಜೂನ್‌ನಲ್ಲಿ ವಾಪಸು ಕರೆದರು. ಅಕ್ಕ ಕೋಲು ಹಿಡಿದು ಕ್ಯಾಂಪಿಗೆ ಬರುತ್ತಾರೆ, ಹೊಸಬರಿಗೆ ಕಲಿಸುತ್ತಾರೆ. ನೀರಿಗೆ ಇಳಿಯುವುದಿಲ್ಲ. ಹಗ್ಗ ಇಟ್ಟುಕೊಂಡು ಸುಮ್ಮನಿದ್ದೆ ಅಂತ ನನ್ನ ಹತ್ತಿರ ಅವರೂ ಹೇಳಿದರು. ಒಂದು ತಿಂಗಳು ನಾನು ಅವರ ಜೊತೆಯೂ ಮಾತಾಡಲಿಲ್ಲ. ಈಗ ಆಡುತ್ತೇನೆ. ನೀವು ಬರೆದ ಕಾಗದಗಳನ್ನು ಅಕ್ಕ ಓದುತ್ತಾರೆ. ಉತ್ತರ ಬರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ನಿನ್ನೆ ಈ ವರ್ಷದ ಮೊದಲನೇ ತಂಡವನ್ನು ಆ ಹಳ್ಳಕ್ಕೆ ಇಳಿಸಿದೆವು. ಮಳೆ ಇರಲಿಲ್ಲ, ನೀರು ಮಂಡಿಯವರೆಗೂ ಇರಲಿಲ್ಲ. ಆ ಚಾಚಿನ ಹತ್ತಿರ ಎಲ್ಲರನ್ನೂ ಹತ್ತಿಸಿದೆ. ಕೊನೆಗೆ ನಾನು. ಮೇಲೆ ಹಗ್ಗ ಹಿಡಿದಿದ್ದವಳು ಮಂಜಿ, ಹೊಸ ಗೈಡು, ನನಗಿಂತ ಗಟ್ಟಿ ಕೈ. ಬಂಡೆಗೆ ಕಬ್ಬಿಣದ ಬಳೆ ಹೊಡೆದು ಅದಕ್ಕೆ ಹಗ್ಗ ಹಾಕಿದ್ದೆವು. ಹೆದರಲು ಏನೂ ಕಾರಣವಿಲ್ಲ.

ನನಗೆ ಕಾಲು ಎತ್ತಲು ಆಗಲಿಲ್ಲ. "ಹಿಡ್ಕಂಡಿದೀಯಾ?" ಅಂದೆ. "ಹಿಡ್ಕಂಡಿದೀನಿ," ಅಂದಳು. ಇನ್ನೊಮ್ಮೆ ಕೇಳಿದೆ. ಅವಳು ಹೇಳಿದಳು. ಮತ್ತೂ ಕೇಳಿದೆ. ಮೇಲಿದ್ದವರು ನಗುವುದು ಕೇಳಿತು. ಮಂಜಿ ನಗಲಿಲ್ಲ. ಅವಳು ಬಗ್ಗಿ ಮುಖ ತೋರಿಸಿದ ಮೇಲೆ ಹತ್ತಿದೆ.

ನೀವು ಬಿಟ್ಟದ್ದಕ್ಕೆ ನಾನು ಏನೂ ಹೇಳುವವನಲ್ಲ. ನಾನಾಗಿದ್ದರೂ ಬಿಡುತ್ತಿದ್ದೆ. ಆದರೆ ಎಂಟು ವರ್ಷದಲ್ಲಿ ಮೇಲೆ ಹಗ್ಗ ಹಿಡಿದವರನ್ನು ನಾನು ಒಮ್ಮೆಯೂ ಕೇಳಿದ್ದಿಲ್ಲ. ಇನ್ನು ಕೇಳದೆ ಹತ್ತಲು ಆಗುವುದಿಲ್ಲ. ಇದು ನಿಮಗೆ ಗೊತ್ತಿರಲಿ ಅಂತ ಬರೆದೆ.

ಇಂತು
ಉಲ್ಲಾಸ